ಅಕ್ಕಿ ಡಬ್ಬದಲ್ಲಿದ್ದ ನನ್ನ ಸರ್ಟಿಫಿಕೇಟು

ಸಹೋದರಿಯರೇ, ನಿಮ್ಮ ಪದವಿಯ ಸರ್ಟಿಫಿಕೇಟು ಈಗ ಎಲ್ಲಿದೆ? ಓದುವುದನ್ನು ಒಂದು ನಿಮಿಷ ನಿಲ್ಲಿಸಿ ನೆನಪಿಸಿಕೊಳ್ಳಿ. ಕಪಾಟಿನಲ್ಲೇ? ತವರುಮನೆಯಲ್ಲೇ? ಮದುವೆಯ ಆಲ್ಬಮಿನ ಅಡಿಯಲ್ಲೇ?

ನನ್ನದು ಹಳೆಯ ಅಕ್ಕಿ ಡಬ್ಬವೊಂದರಲ್ಲಿತ್ತು. ಮಳೆಗಾಲದಲ್ಲಿ ತೇವ ತಗಲಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಮಕ್ಕಳ ಹಳೆಯ ಬಟ್ಟೆ ತುಂಬಿ ಅಟ್ಟಕ್ಕೆ ಏರಿಸಿದ್ದೆ. ಅದೇ ಮನೆಯಲ್ಲಿ ನನ್ನ ಪತಿಯ ಪಾಸ್‌ಪೋರ್ಟು, ಇಕಾಮಾದ ಪ್ರತಿಗಳು, ಹಳೆಯ ಕರಾರು ಪತ್ರಗಳು ಬೀಗವಿರುವ ಬ್ರೀಫ್‌ಕೇಸಿನಲ್ಲಿ ಭದ್ರವಾಗಿದ್ದವು. ಆ ಬ್ರೀಫ್‌ಕೇಸನ್ನು ಮಕ್ಕಳು ಮುಟ್ಟಿದರೂ ಅತ್ತೆ ಗದರುತ್ತಿದ್ದರು. ಅಕ್ಕಿ ಡಬ್ಬವನ್ನು ಯಾರೂ ಕೇಳುತ್ತಿರಲಿಲ್ಲ. ಅದು ತಪ್ಪೆಂದು ನನಗೂ ಆಗ ಅನ್ನಿಸಿರಲಿಲ್ಲ.

ಪತಿ ಹದಿನಾಲ್ಕು ವರ್ಷ ಸೌದಿಯಲ್ಲಿ ದುಡಿದವರು. 2020ರಲ್ಲಿ ಕೊರೋನ ಬಂದಾಗ ಕಂಪೆನಿ ಕೆಲಸದಿಂದ ತೆಗೆಯಿತು. ಆ ವರ್ಷದ ಜೂನ್‌ನಲ್ಲಿ ವಂದೇ ಭಾರತ್ ವಿಮಾನವೊಂದರಲ್ಲಿ ಊರು ಸೇರಿದರು. ಊರಿನಲ್ಲಿ ಸಣ್ಣ ಅಂಗಡಿ ಇಟ್ಟರು. ಅದು ನಡೆಯಲಿಲ್ಲ. ಬೆನ್ನುನೋವು ಬೇರೆ ಶುರುವಾಯಿತು. ಮನೆ ಕಟ್ಟಲು ಸಂಬಂಧಿಕರಿಂದ ತಂದ ಕೈಸಾಲ ಹಾಗೆಯೇ ಉಳಿದಿತ್ತು. ನಾನು ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ತಿಂಗಳಿಗೆ 9,000 ರೂಪಾಯಿ. ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಅದರ ಅರ್ಧ.

2021ರಲ್ಲಿ ನನ್ನ ಸೋದರಮಾವನ ಮಗಳು ಶಾರ್ಜಾದಿಂದ ಫೋನ್ ಮಾಡಿದಳು. "ಇಲ್ಲಿನ ಭಾರತೀಯ ಶಾಲೆಗಳಲ್ಲಿ ಇಂಗ್ಲಿಷ್ ಟೀಚರ್‌ಗಳು ಬೇಕಾಗಿದ್ದಾರೆ. ನಿನಗೆ ಬಿ.ಎ. ಇದೆ, ಬಿ.ಎಡ್. ಇದೆ. ಯಾಕೆ ಬರಬಾರದು?" ಎಂದಳು.

ನಾನು ಆ ಮಾತನ್ನು ಮನೆಯಲ್ಲಿ ಹೇಳಲು ಒಂದು ವಾರ ತೆಗೆದುಕೊಂಡೆ. ನಮ್ಮ ಊರಿನಲ್ಲಿ ಗಲ್ಫ್‌ಗೆ ಹೋಗುವುದು ಗಂಡಸರು, ಮಕ್ಕಳೊಡನೆ ಊರಿನಲ್ಲಿ ಉಳಿಯುವುದು ಹೆಂಗಸರು. ಮಗಳಿಗೆ ಆಗ ಹತ್ತು ವರ್ಷ, ಮಗನಿಗೆ ಏಳು. ಕೊನೆಗೆ ಹೇಳಿದಾಗ ಅತ್ತೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಾ ತಾವಾಗಿಯೇ ಹೇಳಿದರು: "ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಕಾಗದ ಸರಿ ಮಾಡಿಕೊಂಡು ಹೋಗು. ನಿನ್ನ ಮಾವ ಎರಡು ಸಲ ಬೊಂಬಾಯಿಯಿಂದಲೇ ವಾಪಸು ಬಂದವರು."

ಮಾವ ಯಾರಿಗೋ ಹಣ ಕೊಟ್ಟು, ಮುಸಾಫಿರಖಾನೆಯಲ್ಲಿ ತಿಂಗಳುಗಟ್ಟಲೆ ಕಾದು, ಕೈಯಲ್ಲಿರುವ ವೀಸಾ ನಕಲಿ ಎಂದು ತಿಳಿದು ಹಿಂದಿರುಗಿದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ನಾನು ಅದೇ ಹೊಂಡಕ್ಕೆ ಕಾಲಿಟ್ಟೆ.

ಮಂಗಳೂರಿನಲ್ಲಿ ಒಬ್ಬ ಏಜೆಂಟರ ಪರಿಚಯವಾಯಿತು. ಬಹಳ ಮರ್ಯಾದೆಯಿಂದ ಮಾತನಾಡಿದರು. "ಮೇಡಂ, ವಿಸಿಟ್ ವೀಸಾದಲ್ಲಿ ಹೋಗಿ. ಅಲ್ಲಿ ಎರಡು ಡೆಮೊ ಕ್ಲಾಸ್ ಕೊಡಿ. ಶಾಲೆಯವರೇ ವೀಸಾ ಬದಲಿಸಿಕೊಡುತ್ತಾರೆ. ಎಲ್ಲರೂ ಹೀಗೆಯೇ ಹೋಗುವುದು" ಎಂದರು. ಒಟ್ಟು 1,40,000 ರೂಪಾಯಿ, ಮುಂಗಡ 40,000. ಎಷ್ಟು ವರ್ಷದ ಅನುಭವವಿದೆ ಎಂದು ಕೇಳಿದರು. ನಾನು ಬಿ.ಎಡ್.ಗೆ ಮೊದಲು ನಾಲ್ಕು ವರ್ಷ ಕಲಿಸಿದ್ದೆ. ಬಿ.ಎಡ್. ಮುಗಿದ ಮೇಲೆ ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ. "ಅಲ್ಲಿ ಬಿ.ಎಡ್. ನಂತರದ ಎರಡು ವರ್ಷ ಕೇಳುತ್ತಾರೆ. ಚಿಂತೆ ಬೇಡ, ಅದನ್ನೂ ನಾವೇ ಮಾಡಿಸಿಕೊಡುತ್ತೇವೆ" ಎಂದರು. ನಾನು ಬಳೆಯೊಂದನ್ನು ಮಾರಿ ಮುಂಗಡ ಕೊಟ್ಟೆ.

ಮೂರು ವಾರದ ಮೇಲೆ ಎರಡು ಕಾಗದಗಳು ಬಂದವು. ಒಂದು ವೀಸಾ. ಇನ್ನೊಂದು, ನಾನು ಹೆಸರೇ ಕೇಳಿರದ ಶಾಲೆಯೊಂದರಲ್ಲಿ ಐದು ವರ್ಷ ಇಂಗ್ಲಿಷ್ ಕಲಿಸಿದ್ದೇನೆಂಬ ಅನುಭವ ಪತ್ರ. ಸಂತೋಷದಿಂದ ವೀಸಾವನ್ನು ಪತಿಯ ಕೈಗಿತ್ತೆ. ಅವರು ಓದಿದ್ದು ಏಳನೇ ತರಗತಿಯವರೆಗೆ. ಆದರೆ ಹದಿನಾಲ್ಕು ವರ್ಷ ಇಂತಹ ಕಾಗದಗಳ ನಡುವೆಯೇ ಬದುಕಿದವರು. ಕನ್ನಡಕ ಹಾಕಿ ಎರಡು ಸಲ ನೋಡಿದರು.

"ಕೆಲಸದ ವೀಸಾದಲ್ಲಿ ನಿನ್ನ ಹುದ್ದೆ ಬರೆದಿರುತ್ತದೆ. ಕೆಲಸ ಕೊಡುವವರ ಹೆಸರಿರುತ್ತದೆ. ಇದರಲ್ಲಿ ಎಲ್ಲಿದೆ, ತೋರಿಸು" ಎಂದರು.

ಇರಲಿಲ್ಲ. ಅದು ಬರೀ ಪ್ರವಾಸದ ವೀಸಾ. ನಾನು ಇಂಗ್ಲಿಷ್ ಟೀಚರ್. ಆ ಕಾಗದದ ಒಂದೊಂದು ಶಬ್ದವನ್ನೂ ಓದಬಲ್ಲೆ. ಆದರೂ ಓದಿರಲಿಲ್ಲ. ಓದಲು ಮನಸ್ಸು ಬಂದಿರಲಿಲ್ಲ ಎಂದರೆ ಹೆಚ್ಚು ಸರಿ.

ಅನುಭವ ಪತ್ರವನ್ನು ಅವರಿಗೆ ತೋರಿಸಲಿಲ್ಲ. ಆ ರಾತ್ರಿ ಒಬ್ಬಳೇ ಕುಳಿತು ಓದಿದೆ. ನನ್ನ ಇಂಗ್ಲಿಷ್ ಬೋಧನೆಯನ್ನು ಹೊಗಳುವ ಆರು ಸಾಲುಗಳಲ್ಲಿ ನಾಲ್ಕು ತಪ್ಪುಗಳಿದ್ದವು. ಅಭ್ಯಾಸಬಲದಿಂದ ಕೈ ಕೆಂಪು ಪೆನ್ನಿನತ್ತ ಹೋಯಿತು. ನಗು ಬಂತು, ಹಿಂದೆಯೇ ಅಳು ಬಂತು. ಸತ್ಯ ಹೇಳಬೇಕೆಂದರೆ, ಆ ಕಾಗದವನ್ನು ಹರಿಯಲು ನನಗೆ ನಾಲ್ಕು ದಿನ ಬೇಕಾಯಿತು. ನಾನು ಒಟ್ಟು ಐದು ವರ್ಷದ ಹತ್ತಿರ ಕಲಿಸಿದ್ದು ನಿಜವಲ್ಲವೇ, ಶಾಲೆಯ ಹೆಸರು ಮಾತ್ರ ಬೇರೆ ಅಲ್ಲವೇ ಎಂದು ಮನಸ್ಸು ವಾದ ಮಾಡುತ್ತಿತ್ತು. ಐದನೆಯ ದಿನ ತರಗತಿಯಲ್ಲಿ, ಪಕ್ಕದವಳ ಉತ್ತರ ನೋಡಿ ಬರೆದ ಹುಡುಗಿಯೊಬ್ಬಳನ್ನು ಎಬ್ಬಿಸಿ ನಿಲ್ಲಿಸಿದೆ. ಅವಳು ತಲೆತಗ್ಗಿಸಿದಳು. ಗದರಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಅದನ್ನು ಹರಿದು ಒಲೆಗೆ ಹಾಕಿದೆ.

ಮುಂಗಡದ ಹಣ ವಾಪಸು ಬರಲಿಲ್ಲ. ಕೇಳಲು ಹೋದಾಗ ಪತಿ ಏಜೆಂಟರಲ್ಲಿ ಒಂದೇ ಪ್ರಶ್ನೆ ಹಾಕಿದರು: "ನಿಮ್ಮ ನೋಂದಣಿ ಸಂಖ್ಯೆ ಎಷ್ಟು?" ಉತ್ತರ ಸಿಗಲಿಲ್ಲ. ನಾವು ಈ ಪ್ರಶ್ನೆಯನ್ನು ಹಣ ಕೊಡುವ ಮೊದಲು ಕೇಳಬೇಕಿತ್ತು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವರು ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ. ಅಂಥವರೂ ಕೆಲಸಕ್ಕೆ ಹೋಗುವವರಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮದಲ್ಲಿ ಮಿತಿಯಿದೆ. ಅದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ನಮ್ಮಿಂದ ಕೇಳಿದ್ದು 1,40,000.

ಎರಡನೆಯ ಸಲ ನಾನು ನೇರವಾಗಿ ಶಾಲೆಗಳಿಗೇ ಅರ್ಜಿ ಕಳುಹಿಸಿದೆ. ಹನ್ನೊಂದು ಶಾಲೆಗಳಿಗೆ ಬರೆದೆ, ಎರಡರಿಂದ ಉತ್ತರ ಬಂತು. 2022ರ ಜನವರಿಯಲ್ಲಿ ಒಂದು ಶಾಲೆ ಕಂಪ್ಯೂಟರ್ ಮೂಲಕ ಸಂದರ್ಶನ ಮಾಡಿತು. ಆರನೇ ತರಗತಿಗೆ ಭೂತಕಾಲದ ಕ್ರಿಯಾಪದಗಳನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದರು. ನೆರೆಮನೆಯಲ್ಲಿ ಕೋಳಿ ಕಳುವಾದ ಕತೆಯೊಂದನ್ನು ಹೇಳಿ ಪಾಠ ಮಾಡಿದೆ. ಪ್ರಿನ್ಸಿಪಾಲರು ನಕ್ಕರು. ನಂತರ ಅದೇ ಪ್ರಶ್ನೆ ಬಂತು: "ಬಿ.ಎಡ್. ನಂತರ ಎಷ್ಟು ಅನುಭವ?"

"ಹದಿನಾರು ತಿಂಗಳು. ಅದಕ್ಕೆ ಮೊದಲು ನಾಲ್ಕು ವರ್ಷ" ಎಂದೆ.

ಒಂದು ವಾರದ ಮೇಲೆ ಉತ್ತರ ಬಂತು. ಎರಡು ವರ್ಷ ತುಂಬದ ಕಾರಣ ಸಹಾಯಕ ಶಿಕ್ಷಕಿಯ ದರ್ಜೆಯಲ್ಲಿ ತೆಗೆದುಕೊಳ್ಳುತ್ತೇವೆ, ಸಂಬಳ 3,000 ದಿರ್ಹಮಿನ ಬದಲು 2,400 ಎಂದಿದ್ದರು. ಸತ್ಯ ಹೇಳಿದ್ದಕ್ಕೆ ತಿಂಗಳಿಗೆ 600 ದಿರ್ಹಮ್ ಹೋಯಿತು. ಆದರೆ ವೀಸಾ ಮತ್ತು ವಿಮಾನದ ಟಿಕೆಟಿನ ಖರ್ಚು ಶಾಲೆಯದೇ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯು.ಎ.ಇ.ಯ ಕಾರ್ಮಿಕ ಕಾನೂನು, ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ 2016ರಿಂದ ಸರಕಾರ ನಿಗದಿಪಡಿಸಿದ ನಮೂನೆಯಲ್ಲೇ ಆಫರ್ ಪತ್ರ ಕೊಡಬೇಕು. ಅರಬಿ, ಇಂಗ್ಲಿಷ್ ಅಲ್ಲದೆ ಹಿಂದಿ, ಉರ್ದು, ಮಲಯಾಳಂಗಳಲ್ಲೂ ಅದು ಸಿಗುತ್ತದೆ. ನಮ್ಮ ಪತ್ರವನ್ನು ಪತಿ ಓದಿದರು. ಅದರಲ್ಲಿ ಹುದ್ದೆಯಿತ್ತು, ಶಾಲೆಯ ಹೆಸರಿತ್ತು, ಸಂಬಳವಿತ್ತು. "ಈಗ ಅಕ್ಕಿ ಡಬ್ಬ ಇಳಿಸು" ಎಂದರು.

ಡಬ್ಬ ಇಳಿಸಿದಾಗ ನಿಜವಾದ ಪರೀಕ್ಷೆ ಶುರುವಾಯಿತು.

ಕಾಗದಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿದೆವು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ನನ್ನ ಒಂಟಿ ಹೆಸರು. ಪದವಿಯಲ್ಲಿ ಅದರ ಹಿಂದೆ ತಂದೆಯ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಇಲ್ಲ, ಕೊನೆಗೆ ಒಂದು 'ಬಾನು' ಸೇರಿಕೊಂಡಿದೆ. ಆಧಾರ್‌ನಲ್ಲಿ ಪತಿಯ ಹೆಸರು ಅಂಟಿಕೊಂಡಿದೆ. ಇಂಗ್ಲಿಷ್ ಅಕ್ಷರಗಳೂ ಒಂದೊಂದರಲ್ಲಿ ಒಂದೊಂದು ತರ. ನನ್ನ ಮಗ ಎಣಿಸಿ, "ಉಮ್ಮಾ, ನೀವು ನಾಲ್ಕು ಜನ" ಎಂದ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಹೀಗೆಯೇ ಇರುತ್ತದೆ, ಯೋಚಿಸಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು ಒಂದು, ಮದುವೆಯಾದ ಮೇಲೆ ಸೇರಿದ್ದು ಇನ್ನೊಂದು. ಊರಿನಲ್ಲಿ ಅದರಿಂದ ತೊಂದರೆಯಿಲ್ಲ. ಆದರೆ ಬೇರೆ ದೇಶದ ಅಧಿಕಾರಿಗೆ ನಮ್ಮ ಮುಖದ ಪರಿಚಯವಿಲ್ಲ. ಅವನ ಮುಂದಿರುವುದು ಅಕ್ಷರಗಳು ಮಾತ್ರ.

ಪದವಿ ಪತ್ರವನ್ನು ತಿದ್ದಿಸುವುದಕ್ಕಿಂತ ಪಾಸ್‌ಪೋರ್ಟನ್ನು ಅದಕ್ಕೆ ಹೊಂದಿಸುವುದು ಸುಲಭ ಎಂದು ತಿಳಿದವರು ಹೇಳಿದರು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ತಂದೆಯ ಪೂರ್ಣ ಹೆಸರು ನನ್ನ ಹೆಸರಿನ ಜೊತೆ ಸೇರಿತು. ನೋಟರಿಯ ಮುಂದೆ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಎರಡು ಓಡಾಟ. ಏಪ್ರಿಲಿನಲ್ಲಿ ಸೇರಬೇಕಿದ್ದವಳು ಏಪ್ರಿಲ್ ಬಂದರೂ ಊರಿನಲ್ಲೇ ಇದ್ದೆ. ಶಾಲೆಗೆ ವಿಷಯ ತಿಳಿಸಿದೆ. ಬೇಸಿಗೆ ರಜೆ ಮುಗಿದು ಆಗಸ್ಟ್ ಕೊನೆಗೆ ಬರಲು ಒಪ್ಪಿದರು. ಇಷ್ಟು ವರ್ಷ ಕಾಗದಗಳನ್ನು ಅಟ್ಟದ ಮೇಲೆ ಇಟ್ಟದ್ದರ ಬೆಲೆ ನಾಲ್ಕು ತಿಂಗಳ ಸಂಬಳ.

ನಂತರ ದೃಢೀಕರಣ, ಅಂದರೆ ಅಟೆಸ್ಟೇಶನ್. ಇದು ಒಂದು ಸರಪಳಿಯಿದ್ದಂತೆ. ಮೊದಲು ಪದವಿ ನಿಜವೆಂದು ವಿಶ್ವವಿದ್ಯಾನಿಲಯ ಹೇಳಬೇಕು. ಅದಕ್ಕಾಗಿ ಕೊಣಾಜೆಯ ಗುಡ್ಡ ಹತ್ತಿದೆ. ಆಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರಕಾರದ ಮುದ್ರೆ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಯು.ಎ.ಇ. ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ತಲುಪಿದ ಮೇಲೆ ಆ ದೇಶದ ವಿದೇಶಾಂಗ ಇಲಾಖೆಯ ಮುದ್ರೆ. ಹಿಂದಿನ ಮುದ್ರೆಯನ್ನು ನೋಡಿ ಮುಂದಿನವರು ನಂಬುತ್ತಾರೆ. ವಿದೇಶಾಂಗ ಸಚಿವಾಲಯದ ಈ ಸೇವೆ 2019ರಿಂದ ಬೆಂಗಳೂರು ಸೇರಿ 15 ನಗರಗಳಲ್ಲಿ ಸಿಗುತ್ತಿದೆ. ಒಮಾನ್, ಬಹರೈನ್‌ಗಳಿಗೆ ಹೋಗುವವರಿಗೆ ದಾರಿ ಸ್ವಲ್ಪ ಹಗುರ. ಅವು ಅಪೋಸ್ಟಿಲ್ ಒಪ್ಪಂದದಲ್ಲಿರುವುದರಿಂದ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಬಿದ್ದರೆ ರಾಯಭಾರ ಕಚೇರಿಗೆ ಹೋಗಬೇಕಾಗಿಲ್ಲ. 2022ರ ಡಿಸೆಂಬರಿನಿಂದ ಸೌದಿಯೂ ಆ ಒಪ್ಪಂದಕ್ಕೆ ಸೇರಿತು. ನಾನು ಹೊರಟಾಗ ಯು.ಎ.ಇ. ಅದರಲ್ಲಿರಲಿಲ್ಲ.

ಅಂಕಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ. ಅದರಲ್ಲಿ 'ಇಂಟರ್ನಲ್', 'ಎಕ್ಸ್‌ಟರ್ನಲ್' ಎಂದು ಅಂಕಗಳಿರುತ್ತವಷ್ಟೇ? ಎಕ್ಸ್‌ಟರ್ನಲ್ ಎಂದರೆ ಕಾಲೇಜಿಗೆ ಹೋಗದೆ ಹೊರಗಿನಿಂದ ಓದಿದ್ದು ಎಂಬ ಅರ್ಥ ಬಂದು, 2018ರಲ್ಲಿ ಯು.ಎ.ಇ.ಯಲ್ಲಿದ್ದ ಎಷ್ಟೋ ಭಾರತೀಯ ಶಿಕ್ಷಕರ ಪದವಿಗೆ ಸಮಾನತೆಯ ಮನ್ನಣೆ ಸಿಗದೆ ಕೆಲಸಕ್ಕೇ ಕುತ್ತು ಬಂದಿತ್ತು. ಭಾರತದ ರಾಯಭಾರ ಕಚೇರಿ ವಿವರಣೆ ಕೊಡಬೇಕಾಯಿತು. ಆದ್ದರಿಂದ ನಾನು ಕಾಲೇಜಿಗೆ ಹೋಗಿ ಓದಿದ್ದೇನೆ ಎಂಬ ಪತ್ರವನ್ನೂ ಕೊಣಾಜೆಯಿಂದ ತಂದಿಟ್ಟುಕೊಂಡೆ.

ಈ ಓಡಾಟದಲ್ಲಿ ಹೆಚ್ಚಿನದು ಪತಿಯದು. ಬೆನ್ನುನೋವಿನಲ್ಲೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಸರದಿಯಲ್ಲಿ ನಿಂತು, ಮರುರಾತ್ರಿ ಮರಳುತ್ತಿದ್ದರು. ಊರಿನವರೊಬ್ಬರು "ಹೆಂಡತಿಯನ್ನು ದುಡಿಯಲು ಕಳುಹಿಸಿ ನೀನು ಮನೆಯಲ್ಲಿ ಕೂರುತ್ತೀಯಾ?" ಎಂದು ಕೇಳಿದರಂತೆ. ಇವರು, "ಹದಿನಾಲ್ಕು ವರ್ಷ ನಾನು ಅಲ್ಲಿದ್ದಾಗ ಮನೆ ನೋಡಿಕೊಂಡವಳು ಅವಳು. ಈಗ ನನ್ನ ಸರದಿ" ಎಂದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ. ಅತ್ತೆ ಹೇಳಿದರು.

ಆಗಸ್ಟಿನಲ್ಲಿ ಪ್ರವೇಶ ಪರವಾನಗಿ ಬಂತು. ಅದರಲ್ಲಿ ನನ್ನ ಹುದ್ದೆ ಬರೆದಿತ್ತು. ಹೊರಡುವ ಬೆಳಿಗ್ಗೆ ಮಗ ಬ್ಯಾಗಿನ ಮೇಲೆ ಕುಳಿತು ಏಳಲೇ ಇಲ್ಲ. ಮಗಳು ಅಳದೆ ನನ್ನ ಕಾಗದಗಳನ್ನು ಎಣಿಸಿ ಎಣಿಸಿ ಫೈಲಿಗೆ ಹಾಕಿದಳು. ವಿಮಾನದಲ್ಲಿ ನನಗೆ ನೆನಪಾದದ್ದು ಅವಳ ಆ ಎಣಿಕೆಯೇ.

ಅಲ್ಲಿ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಕರಾರಿಗೆ ಸಹಿ, ಕೊನೆಗೆ ಎಮಿರೇಟ್ಸ್ ಐ.ಡಿ. ಕಾರ್ಡು. ಪ್ರವೇಶ ಪರವಾನಗಿಯ 60 ದಿನಗಳೊಳಗೆ ಇವೆಲ್ಲ ಮುಗಿದವು. ಪಾಸ್‌ಪೋರ್ಟಿಗೆ ವೀಸಾ ಅಂಟಿಸುವ ಪದ್ಧತಿಯನ್ನು ಅವರು ಆ ವರ್ಷದ ಏಪ್ರಿಲಿನಲ್ಲೇ ನಿಲ್ಲಿಸಿದ್ದರು. ಪತಿಗೆ ಮಾತ್ರ ಸಮಾಧಾನವಿಲ್ಲ. "ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಎಲ್ಲಿ? ಸರಿಯಾಗಿ ನೋಡು" ಎಂದು ಒಂದು ವಾರ ಫೋನ್ ಮಾಡಿದರು.

ನಾನು ಹೋದ ಮೂರೇ ತಿಂಗಳಿಗೆ, ಆ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯು.ಎ.ಇ. ಪ್ರಕಟಿಸಿತು. ತಂದೆಯ ಅಥವಾ ಮನೆತನದ ಹೆಸರು ಇನ್ನೊಂದು ಪುಟದಲ್ಲಿದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ಆ ಕೆಲವು ದಿನ ನಮ್ಮ ಕಡೆಯ ಎಷ್ಟು ತಾಯಂದಿರು, ಪತ್ನಿಯರು ಟಿಕೆಟ್ ಕೈಯಲ್ಲಿಟ್ಟುಕೊಂಡು ಪರದಾಡಿರಬಹುದು! ನಾಲ್ಕು ತಿಂಗಳು ತಡವಾಯಿತೆಂದು ಕೊರಗಿದ್ದ ನಾನು ಆ ದಿನ ಅಲ್‌ಹಮ್ದುಲಿಲ್ಲಾಹ್ ಎಂದೆ.

ನಮ್ಮ ವಸತಿಯ ಪಕ್ಕದ ಕೋಣೆಯಲ್ಲಿ ಒಬ್ಬ ಸಹೋದರಿ ಇದ್ದರು. ಎಂ.ಎ. ಓದಿದವರು, ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತನಾಡುವವರು. ವಿಸಿಟ್ ವೀಸಾದಲ್ಲಿ ಬಂದು ಟ್ಯೂಷನ್ ಕೇಂದ್ರವೊಂದರಲ್ಲಿ ಕಲಿಸುತ್ತಿದ್ದರು. ವೀಸಾ ಬದಲಿಸುತ್ತೇವೆ ಎಂದವರು ಬದಲಿಸಲಿಲ್ಲ. ಎರಡು ತಿಂಗಳ ಸಂಬಳವನ್ನೂ ಕೊಡಲಿಲ್ಲ. "ದೂರು ಕೊಡಬಹುದಲ್ಲ" ಎಂದೆ. "ನಾನು ಕೆಲಸ ಮಾಡಿದ್ದೇ ತಪ್ಪು. ಯಾವ ಬಾಯಿಯಿಂದ ದೂರು ಕೊಡಲಿ?" ಎಂದರು. ಅವಧಿ ಮೀರಿ ಉಳಿದದ್ದಕ್ಕೆ ದಿನಕ್ಕೆ 50 ದಿರ್ಹಮಿನಂತೆ ದಂಡ ಕಟ್ಟಿ ಊರಿಗೆ ಮರಳಿದರು. ದಂಡದ ಹಣಕ್ಕೆ ನಾವು ಐದಾರು ಮಂದಿ ಕೈಜೋಡಿಸಿದೆವು. ಪರವಾನಗಿಯಿಲ್ಲದವರನ್ನು ದುಡಿಸಿಕೊಳ್ಳುವ ಮಾಲಕರಿಗೆ 2024ರ ಕಾನೂನು ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮಿನವರೆಗೆ ದಂಡ ನಿಗದಿಪಡಿಸಿದೆ. ಒಳ್ಳೆಯದೇ. ಆದರೆ ಆ ಸಹೋದರಿಯ ಎರಡು ತಿಂಗಳ ದುಡಿಮೆ ಅವರಿಗೆ ಮರಳಿ ಬರಲಿಲ್ಲ. ಅವರನ್ನು ಬೀಳ್ಕೊಟ್ಟ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರ ಜಾಗದಲ್ಲಿ ನಾನಿರಬೇಕಿತ್ತು. ಏಳನೇ ತರಗತಿ ಓದಿದ ಒಬ್ಬರು ಕನ್ನಡಕ ಹಾಕಿ ಒಂದು ಕಾಗದ ಓದಿದ್ದರಿಂದ ಮಾತ್ರ ನಾನು ಉಳಿದೆ.

ಸಹಾಯಕ ಶಿಕ್ಷಕಿಯಾಗಿ ಎರಡು ವರ್ಷ ಕಳೆದೆ. 2024ರಲ್ಲಿ ಶಾಲೆ ನನ್ನನ್ನು ಪೂರ್ಣ ಶಿಕ್ಷಕಿಯ ದರ್ಜೆಗೆ ಏರಿಸಿತು. ಅದಕ್ಕೆ ಅನುಭವ ಪತ್ರ ಬೇಕಾಯಿತು. ಈ ಸಲ ಅದನ್ನು ಕೊಟ್ಟದ್ದು ನಾನು ನಿಜವಾಗಿ ಕಲಿಸಿದ ಶಾಲೆ. ಒಂದೂ ತಪ್ಪಿಲ್ಲದ ಇಂಗ್ಲಿಷ್. ಆದರೂ ಎರಡು ಸಲ ಓದಿದೆ.

ಇಷ್ಟನ್ನೆಲ್ಲ ಹೇಳಿದ್ದು ನೀವೂ ಗಲ್ಫ್‌ಗೆ ಹೋಗಿ ಎನ್ನಲಿಕ್ಕಲ್ಲ. ಮಕ್ಕಳನ್ನು ಬಿಟ್ಟು ಹೋಗುವ ನೋವಿಗೆ ದಿರ್ಹಮಿನಲ್ಲಿ ಲೆಕ್ಕವಿಲ್ಲ. ಮಗ ಈಗಲೂ ಫೋನಿನಲ್ಲಿ ಮೊದಲ ಎರಡು ನಿಮಿಷ ಮುನಿಸಿಕೊಂಡೇ ಮಾತನಾಡುತ್ತಾನೆ. ಆದರೆ ಮನೆಯ ಕಷ್ಟ ಯಾವ ಬಾಗಿಲಿನಿಂದ ಬರುತ್ತದೆ, ಅದನ್ನು ಎತ್ತುವ ಹೆಗಲು ಯಾರದ್ದಾಗುತ್ತದೆ ಎಂದು ನಮಗೆ ತಿಳಿದಿಲ್ಲ. ನನ್ನ ಓದನ್ನು ಅಕ್ಕಿ ಡಬ್ಬದಲ್ಲಿಟ್ಟವಳು ನಾನೇ. ಇನ್ನೆಂದೂ ಬೇಕಾಗದು ಎಂದುಕೊಂಡವಳೂ ನಾನೇ.

ಈ ರಜೆಗೆ ಊರಿಗೆ ಬಂದಾಗ ಅತ್ತೆ ಬ್ರೀಫ್‌ಕೇಸಿನ ಬೀಗ ತೆಗೆದು, ನನ್ನ ಫೈಲನ್ನು ಪತಿಯ ಹಳೆಯ ಇಕಾಮಾಗಳ ಪಕ್ಕದಲ್ಲಿಟ್ಟರು. ಮಗಳು ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ. ಎಸ್.ಎಸ್.ಎಲ್.ಸಿ.ಗೆ ಹೆಸರು ಹೋಗುವ ಮೊದಲೇ ಅವಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರನ್ನೂ ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿದೆವು. ಆಧಾರ್‌ನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಮರುದಿನವೇ ಅವಳ ತಂದೆ ಅವಳನ್ನು ಕರೆದುಕೊಂಡು ಹೋಗಿ ತಿದ್ದಿಸಿ ಬಂದರು.

ನಿಮ್ಮ ಮನೆಯ ಡಬ್ಬವನ್ನೂ ಇವತ್ತೇ ಇಳಿಸಿ, ಸಹೋದರಿಯರೇ. ನಿಮ್ಮ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ಆಗಿದೆಯೇ ಎಂದು ನೋಡಿ. ಕಲಿಸಿದ ಶಾಲೆಯಿಂದ ಅನುಭವ ಪತ್ರವನ್ನು ಬಿಡುವಾಗಲೇ ಕೇಳಿ ಪಡೆಯಿರಿ. ಯಾರಾದರೂ ವೀಸಾ ತಂದುಕೊಟ್ಟರೆ ಹಣ ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಇದರಲ್ಲಿ ನನ್ನ ಹುದ್ದೆ ಎಲ್ಲಿದೆ, ತೋರಿಸಿ.